ಅಳಿಸಿ ಮತ್ತೆ ಕ್ಲೋನ್ ಮಾಡುವ ಹರಕೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಾಫ್ಟ್‌ವೇರ್ ಹುಡುಗರಲ್ಲೂ ಮೂಢನಂಬಿಕೆ ಇದೆ. ಪಕ್ಕದವರ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಗುವ ಕೋಡ್ ತಮ್ಮದರಲ್ಲಿ ಕೈಕೊಟ್ಟರೆ ಫೋಲ್ಡರನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡುತ್ತಾರೆ, ಅಂದರೆ ಕೋಡಿನ ಹೊಸ ನಕಲನ್ನು ಇಳಿಸಿಕೊಳ್ಳುತ್ತಾರೆ. ಕೆಲವು ಸಲ ಸರಿಹೋಗುತ್ತದೆ. ಯಾಕೆ ಅಂದರೆ, ‘ಆಯ್ತಲ್ಲ, ಬಿಡಿ ಸಾರ್’ ಅನ್ನುತ್ತಾರೆ.

ನನಗೆ ಬಿಡೋಕಾಗಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್, ಕ್ಲೋನ್ ಮಾಡಿದಾಗ ಅದರ ಇತಿಹಾಸವನ್ನು ಪೂರ್ತಿ ತಂದುಕೊಡುತ್ತದೆ. ಆದರೆ ಡಾಟ್ ಗಿಟ್ ಫೋಲ್ಡರಿನೊಳಗಿನ ಕಾನ್ಫಿಗ್ (ಸೆಟ್ಟಿಂಗ್ ಫೈಲು) ಮತ್ತು ತಾನಾಗಿ ಓಡುವ ಸ್ಕ್ರಿಪ್ಟ್‌ಗಳಾದ ಹುಕ್‌ಗಳನ್ನು ತರುವುದಿಲ್ಲ. ಬೇಕೆಂದೇ ಹೀಗೆ ಮಾಡಿದ್ದಾರೆ. ‘ಈ ಪ್ರೋಗ್ರಾಮ್ ಓಡಿಸು’ ಅಂತ ಕಾನ್ಫಿಗ್‌ನಲ್ಲಿ ಬರೆಯಬಹುದು. ಅದೂ ಜೊತೆಗೆ ಬಂದುಬಿಟ್ಟರೆ, ಯಾರದೋ ಕೋಡ್ ಇಳಿಸಿಕೊಂಡವರ ಕಂಪ್ಯೂಟರ್ ಆ ಕೋಡ್ ಬರೆದವರ ಕೈಗೇ ಹೋದಂತೆ, ಅಲ್ವಾ? ಹಾಗಾಗಿ ಹೊಸ ಕ್ಲೋನ್‌ನಲ್ಲಿ ಹಳೆಯ ಲೋಕಲ್ ಸೆಟ್ಟಿಂಗ್ ಇರುವುದಿಲ್ಲ. ತಪ್ಪು ಅಲ್ಲಿದ್ದರೆ ಹರಕೆ ಫಲಿಸುತ್ತದೆ. ಹೋಮ್ ಡೈರೆಕ್ಟರಿಯ ಕಾನ್ಫಿಗ್‌ನಲ್ಲಿದ್ದರೆ ಎಷ್ಟು ಸಲ ಅಳಿಸಿದರೂ ಅಷ್ಟೇ.

ಇಂಥ ಸೆಟ್ಟಿಂಗ್‌ಗೆ ಉದಾಹರಣೆಯಾಗಿ, ಫೈಲಿನಲ್ಲಿ ಸಾಲಿನ ಕೊನೆಯನ್ನು ಗುರುತಿಸುವ ರೀತಿಯನ್ನೇ ನೋಡಿ. ಟೆಲಿಟೈಪ್ ಯಂತ್ರದಲ್ಲಿ ಅಚ್ಚಿನ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದ ಮೇಲೇರಿಸಲು ಇನ್ನೊಂದು. ವಿಂಡೋಸ್ ಇಂದಿಗೂ ಎರಡನ್ನೂ ಇಟ್ಟುಕೊಂಡಿದೆ. ಲಿನಕ್ಸ್‌ಗೆ ಒಂದೇ ಸಾಕು. ವಿಂಡೋಸ್‌ನಲ್ಲಿ ಸೇವ್ ಮಾಡಿದ ಶೆಲ್ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಮುಗ್ಗರಿಸುವುದು ಈ ಕಾಣದ ಅಕ್ಷರದಿಂದ. ಇದನ್ನು ಸಾಲಿನ ಕೊನೆ ಬದಲಿಸುವ, ಪ್ರತಿಯೊಬ್ಬರ ‘ಆಟೋಸಿಆರ್‌ಎಲ್‌ಎಫ್’ ಸೆಟ್ಟಿಂಗ್‌ಗೆ ಬಿಟ್ಟರೆ ಜಗಳ ತಪ್ಪಿದ್ದಲ್ಲ. ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಬರೆದರೆ ಮುಗಿಯಿತು. ಅದು ಕೋಡಿನ ಜೊತೆಗೇ ಕಮಿಟ್ ಆಗುತ್ತದೆ, ಅಂದರೆ ಇತಿಹಾಸಕ್ಕೆ ಸೇರುತ್ತದೆ. ಎರಡೂ ಇದ್ದರೆ ಈ ಫೈಲಿನ ಮಾತೇ ನಡೆಯುತ್ತದೆ.

ಗಿಟ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಪರ್‌ಫೋರ್ಸ್‌ನವರ ಕಷ್ಟ ಬೇರೆ. ಅಲ್ಲಿ ಎಲ್ಲ ಕೋಡ್ ಇರುವ ಡಿಪೋ ನಮ್ಮ ಕನ್ನಂಬಾಡಿ ಕಟ್ಟೆಯಿದ್ದಂತೆ, ವರ್ಕ್‌ಸ್ಪೇಸ್ ವ್ಯೂ (ಯಾರಿಗೆ ಯಾವ ಫೈಲು ಅನ್ನುವ ಪಟ್ಟಿ) ನಾಲೆಯ ತೂಬು. ನೀರು ಒಂದೇ. ಮಂಡ್ಯದ ಯಾವ ಗದ್ದೆಗೆ ಎಷ್ಟು ಅನ್ನುವುದು ತೂಬಿನ ಮೇಲೆ. ಒಬ್ಬರ ವ್ಯೂವನ್ನು ಇನ್ನೊಬ್ಬರು ಟೆಂಪ್ಲೇಟ್ ಆಗಿ ನಕಲು ಮಾಡಿಕೊಳ್ಳಬಹುದು. ಆದರೆ ಆಮೇಲೆ ಮೂಲದಲ್ಲಿ ಆದ ಬದಲಾವಣೆ ನಕಲಿಗೆ ಬರುವುದಿಲ್ಲ. ತೂಬು ಯಾರು, ಯಾವಾಗ ತಿರುಗಿಸಿದರು ಅನ್ನುವ ದಾಖಲೆಯೂ ತಾನಾಗಿ ಉಳಿಯುವುದಿಲ್ಲ. ಅಡ್ಮಿನ್ ‘ಸ್ಪೆಕ್ ಡಿಪೋ’ ತೆರೆದರೆ ಮಾತ್ರ ವ್ಯೂಗಳೂ ವರ್ಷನ್ ಆಗುತ್ತವೆ, ಅಂದರೆ ಹಳೆಯ ರೂಪಗಳೂ ಉಳಿಯುತ್ತವೆ. 2011ರಲ್ಲಿ ಬಂದ ಸ್ಟ್ರೀಮ್ಸ್ ಅನ್ನುವ ಸೌಲಭ್ಯ ನಕಲಿನ ಗೋಳು ತಪ್ಪಿಸಿತು. ಸ್ಟ್ರೀಮ್‌ನಲ್ಲಿ ಒಂದು ಸಲ ಬರೆದರೆ ಎಲ್ಲರ ವ್ಯೂ ಅದರಿಂದಲೇ ಹುಟ್ಟುತ್ತದೆ. ತಮಾಷೆ ಅಂದರೆ, ಇಂಥದ್ದೇ ಹಳೆಯ ವ್ಯವಸ್ಥೆಯಾದ ಸಿವಿಎಸ್‌ನಲ್ಲಿ ಮಾಡ್ಯೂಲ್‌ಗಳ ಪಟ್ಟಿಯೇ ವರ್ಷನ್ ಆಗುವ ಫೈಲಾಗಿತ್ತು!

ಗಿಟ್‌ನಲ್ಲೂ ಬೇಕಾದ ಫೋಲ್ಡರ್ ಮಾತ್ರ ತೆಗೆಯುವ ‘ಸ್ಪಾರ್ಸ್ ಚೆಕ್‌ಔಟ್’ ಕಮಾಂಡ್ 2020ರ ಜನವರಿಯಲ್ಲಿ, 2.25ರೊಂದಿಗೆ ಬಂತು. ಅದರ ಪಟ್ಟಿ ಡಾಟ್ ಗಿಟ್ ಒಳಗೇ ಉಳಿಯುತ್ತದೆ, ಹಂಚಿಕೆಯಾಗುವುದಿಲ್ಲ. ತಂಡಕ್ಕೆಲ್ಲ ಒಂದೇ ಪಟ್ಟಿ ಬೇಕಿದ್ದರೆ ಫೋಲ್ಡರ್ ಹೆಸರುಗಳನ್ನು ಮಾಮೂಲಿ ಫೈಲಿನಲ್ಲಿ ಬರೆದು ಕಮಿಟ್ ಮಾಡಿ, ಅದನ್ನೇ ಕಮಾಂಡ್‌ಗೆ ಉಣಿಸಬೇಕು.

ಮುಂದಿನ ಸಲ ಫೋಲ್ಡರ್ ಅಳಿಸುವ ಮುಂಚೆ ‘ಗಿಟ್ ಕಾನ್ಫಿಗ್’ಗೆ ‘ಲಿಸ್ಟ್’, ‘ಶೋ ಆರಿಜಿನ್’ ಆಯ್ಕೆಗಳನ್ನು ಕೊಟ್ಟು ನೋಡಿ. ಯಾವ ಸೆಟ್ಟಿಂಗ್ ಯಾವ ಫೈಲಿನಿಂದ ಬಂದಿದೆ ಅಂತ ಸಾಲುಸಾಲಾಗಿ ಹೇಳುತ್ತದೆ.