‘ನಾನ್-ರಿಫಂಡಬಲ್’ ಅಂದರೆ ಒಂದು ಪೈಸೆಯೂ ವಾಪಸ್ ಬರಲ್ವಾ?

ಪ್ರಶ್ನೆ: ಮುಂದಿನ ತಿಂಗಳ ಪ್ರವಾಸಕ್ಕೆ ವಿಮಾನ, ಹೋಟೆಲ್ ಎರಡೂ ಸೇರಿದ ಪ್ಯಾಕೇಜ್ ಬುಕ್ ಮಾಡಿ ಪೂರ್ತಿ ಹಣ ಕಟ್ಟಿದ್ದೇವೆ. ಈಗ ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ, ಹೋಗಲು ಆಗುವುದಿಲ್ಲ. ಏಜೆನ್ಸಿಯವರು ‘ನಾನ್-ರಿಫಂಡಬಲ್, ಏನೂ ಬರಲ್ಲ’ ಎನ್ನುತ್ತಾರೆ. ಏನಾದರೂ ದಾರಿ ಇದೆಯೇ?

ಉತ್ತರ: ಪೂರ್ತಿ ಹಣ ಬರುವುದು ಕಷ್ಟ. ಆದರೆ ‘ಏನೂ ಬರಲ್ಲ’ ಎಂದು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಸುಮ್ನೆ ಆಗಬೇಡಿ. ಯಾವ ಭಾಗಕ್ಕೆ ಎಷ್ಟು ಕಡಿತ ಎಂದು ಇಮೇಲ್‌ನಲ್ಲಿ ಬರೆದು ಕೊಡಲು ಹೇಳಿ. ವಿಮಾನ, ಹೋಟೆಲ್, ಏಜೆನ್ಸಿಯ ಶುಲ್ಕ, ಎಲ್ಲಾ ಬೇರೆ ಬೇರೆಯಾಗಿ. ಹೀಗೆ ಬಿಡಿಸಿ ಕೇಳಿದಾಗಲೇ ಎಷ್ಟೋ ಸಲ ಉತ್ತರ ಬದಲಾಗುತ್ತದೆ. ಟಿಕೆಟ್ ದರ ವಾಪಸ್ ಬಾರದಿದ್ದರೂ, ಪ್ರಯಾಣ ಮಾಡದವರಿಗೆ ವಿಮಾನ ನಿಲ್ದಾಣದ ಕೆಲವು ತೆರಿಗೆಗಳು ವಾಪಸ್ ಸಿಗಬಹುದು. ಕೇಳದೆ ಯಾರೂ ಕೊಡುವುದಿಲ್ಲ, ಅಷ್ಟೇ.

ನಿಮ್ಮ ವಿಷಯದಲ್ಲಿ ಮೊದಲು ನೋಡಬೇಕಾದ್ದು ಪ್ರವಾಸ ವಿಮೆ. ಬುಕಿಂಗ್ ಜೊತೆಗೇ ಒಂದು ಟಿಕ್ ಹಾಕಿ ತೆಗೆದುಕೊಂಡು ಮರೆತಿರಬಹುದು. ಕೆಲವು ಕ್ರೆಡಿಟ್ ಕಾರ್ಡ್‌ಗಳಲ್ಲೂ ಇರುತ್ತದೆ. ಕಾಯಿಲೆ ಸಾಮಾನ್ಯವಾಗಿ ವಿಮೆ ಒಪ್ಪುವ ಕಾರಣ. ಆದರೆ ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಯನ್ನು ತುಂಬಾ ಪಾಲಿಸಿಗಳು ಹೊರಗಿಡುತ್ತವೆ. ವೈದ್ಯರು ‘ಪ್ರಯಾಣ ಬೇಡ’ ಎಂದು ಬರೆದುಕೊಟ್ಟ ಪತ್ರ ಇರಲಿ. ಅದರ ದಿನಾಂಕ ನೀವು ಕ್ಯಾನ್ಸಲ್ ಮಾಡುವುದಕ್ಕಿಂತ ಮುಂಚಿನದಾಗಿರಲಿ. ಇನ್ನೊಂದು, ಹೋಗಲು ಆಗುವುದಿಲ್ಲ ಎಂದು ಗೊತ್ತಾದ ಮೇಲೂ ತಡ ಮಾಡಿ ಕಡಿತ ಜಾಸ್ತಿಯಾದರೆ, ಆ ಹೆಚ್ಚುವರಿ ಮೊತ್ತವನ್ನು ವಿಮೆಯವರು ಕೊಡದೇ ಇರಬಹುದು. ‘ಯಾವ ಕಾರಣಕ್ಕಾದರೂ ರದ್ದು ಮಾಡಬಹುದು’ ಎನ್ನುವ ದುಬಾರಿ ಪಾಲಿಸಿಗಳೂ ಇವೆ. ಅವೂ ಪೂರ್ತಿ ಕೊಡುವುದಿಲ್ಲ, ಸಾಮಾನ್ಯವಾಗಿ 50ರಿಂದ 75 ಶೇಕಡಾ.

ವಿಮೆ ಇಲ್ಲವೇ? ಹಾಗಾದರೆ ಕ್ಯಾನ್ಸಲ್ ಬಟನ್ ಒತ್ತುವ ಮುನ್ನ ಒಂದು ಲೆಕ್ಕ ಹಾಕಿ: ಕಾಯುವುದರಿಂದ ನನಗೆ ನಷ್ಟ ಇದೆಯೇ? ಬಹಳಷ್ಟು ಪ್ಯಾಕೇಜ್‌ಗಳಲ್ಲಿ ಹೊರಡುವ ದಿನ ಹತ್ತಿರ ಬಂದಷ್ಟೂ ಕಡಿತ ಹಂತ ಹಂತವಾಗಿ ಏರುತ್ತದೆ. ನಿಮ್ಮದು ಹಾಗಿದ್ದರೆ ಮುಂದಿನ ಹಂತ ಶುರುವಾಗುವ ಮೊದಲೇ ಬರಹದಲ್ಲಿ ರದ್ದು ಮಾಡಿ. ಆದರೆ ಇವತ್ತು ಮಾಡಿದರೂ ನಾಳೆ ಮಾಡಿದರೂ ಪೂರ್ತಿ ಹಣ ಹೋಗುತ್ತದೆ ಎಂದಾದರೆ ಅವಸರ ಯಾಕೆ? ನೀವಾಗಿಯೇ ರದ್ದು ಮಾಡಿದರೆ ಅವರ ಷರತ್ತು ನಡೆಯುತ್ತದೆ. ಅವರೇ ರದ್ದು ಮಾಡಿದರೆ ಅಥವಾ ದೊಡ್ಡ ಬದಲಾವಣೆ ಮಾಡಿದರೆ ಆಟವೇ ಬೇರೆ.

ಎಷ್ಟು ಬೇರೆ ನೋಡಿ. ಯುರೋಪಿಯನ್ ಒಕ್ಕೂಟದ ನಿಯಮದಡಿ ಬರುವ ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ, ಹಣ ಕೇಳಿದವರಿಗೆ 7 ದಿನದೊಳಗೆ ಕೊಡಬೇಕು. ಅಮೆರಿಕದಲ್ಲಿ 2024ರಲ್ಲಿ ಬಂದ ನಿಯಮ ಇನ್ನೂ ಸ್ಪಷ್ಟ: ದೇಶದೊಳಗಿನ ವಿಮಾನದ ಸಮಯ 3 ಗಂಟೆ, ವಿದೇಶದ್ದು 6 ಗಂಟೆ ಆಚೀಚೆಯಾಗಿ ನೀವು ಹೋಗುವುದಿಲ್ಲ ಎಂದರೆ ರಿಫಂಡ್ ನಿಮ್ಮ ಹಕ್ಕು. ಟಿಕೆಟ್ ನಾನ್-ರಿಫಂಡಬಲ್ ಆಗಿದ್ದರೂ! ಯುರೋಪಿನಲ್ಲಿ ಕೊಂಡ ಪ್ಯಾಕೇಜ್‌ನ ಬೆಲೆಯನ್ನು ಆಮೇಲೆ 8 ಶೇಕಡಾಕ್ಕಿಂತ ಜಾಸ್ತಿ ಏರಿಸಿದರೆ ಕಡಿತ ಇಲ್ಲದೆ ರದ್ದು ಮಾಡಬಹುದು. ಹೋಗುವ ಊರಿನಲ್ಲೇ ಯುದ್ಧ, ಪ್ರಕೃತಿ ವಿಕೋಪದಂಥದ್ದು ನಡೆದು ಪ್ರವಾಸವೇ ಕೆಡುವಂತಿದ್ದರೂ ಹಾಗೆಯೇ. ಹಾಗಾಗಿ ‘ನಿಮ್ಮ ವಿಮಾನದ ಸಮಯ ಬದಲಾಗಿದೆ’ ಎಂಬ ಇಮೇಲ್ ಬಂದರೆ ಸರಿ ಎಂದು ಕ್ಲಿಕ್ ಮಾಡುವ ಮೊದಲು ಓದಿ.

ಆದರೆ ಕಾಯುವುದು ಎಂದರೆ ಕೊನೆಗೆ ಸುಮ್ನೆ ಹೋಗದೇ ಇರುವುದಲ್ಲ. ಹೊರಡುವ ಮೊದಲು ರದ್ದು ಮಾಡಲೇಬೇಕು. ಹೇಳದೆ ಕೇಳದೆ ಹೋಗದೇ ಉಳಿದರೆ ಬರಬೇಕಾದ ಅಲ್ಪಸ್ವಲ್ಪವೂ ಕೈತಪ್ಪಬಹುದು. ಮೊದಲ ವಿಮಾನ ಹತ್ತದಿದ್ದರೆ ಅದೇ ಬುಕಿಂಗ್‌ನ ಮುಂದಿನ ಟಿಕೆಟ್‌ಗಳನ್ನೂ ಕಂಪನಿಗಳು ಸಾಮಾನ್ಯವಾಗಿ ರದ್ದು ಮಾಡುತ್ತವೆ. ಹೋಟೆಲಿನ ಉಚಿತ ರದ್ದತಿಯ ಗಡುವು ಹೆಚ್ಚಾಗಿ ಆ ಊರಿನ ಗಡಿಯಾರದ ಪ್ರಕಾರ, ನಿಮ್ಮ ಗಡಿಯಾರದ ಪ್ರಕಾರ ಅಲ್ಲ.

ರದ್ದು ಮಾಡುವುದೊಂದೇ ದಾರಿಯೂ ಅಲ್ಲ. ದಿನಾಂಕ ಮುಂದೂಡಲು ಕೇಳಿ. ನಿಮ್ಮ ಬದಲು ಬೇರೆಯವರು ಹೋಗಬಹುದೇ ಎಂದೂ ಕೇಳಿ. ಯುರೋಪಿನ ಪ್ಯಾಕೇಜ್ ನಿಯಮದಲ್ಲಿ ಹೊರಡುವ 7 ದಿನ ಮೊದಲು ತಿಳಿಸಿದರೆ ಹೆಸರು ಬದಲಿಸಲು ಅವಕಾಶ ಇದೆ, ಅದರ ಖರ್ಚು ಮಾತ್ರ ನಿಮ್ಮದು. ಬರೀ ವಿಮಾನದ ಟಿಕೆಟ್ ಆದರೆ ಹೆಸರು ಬದಲಿಸುವುದು ಅಷ್ಟು ಸುಲಭ ಅಲ್ಲ.

ವೌಚರ್ ಕೊಡುತ್ತೇವೆ ಎಂದರೆ? ನಗದು ಬರಬೇಕಾದ ಕಡೆ ವೌಚರ್ ಒಪ್ಪಬೇಡಿ. ಒಮ್ಮೆ ಒಪ್ಪಿದರೆ ಮತ್ತೆ ಹಣ ಕೇಳುವುದು ಕಷ್ಟ, ವೌಚರ್‌ಗೆ ಗಡುವೂ ಇರುತ್ತದೆ. ನಿಮ್ಮ ಹಾಗೆ ಏನೂ ಸಿಗದ ಸ್ಥಿತಿಯಲ್ಲಿ ಮಾತ್ರ ಅದು ಒಳ್ಳೆಯ ಸಂಧಾನ. ನಾನಾದರೆ ವಿಮೆ ಇಲ್ಲದಿದ್ದಾಗ ಅದನ್ನೇ ಕೇಳುತ್ತಿದ್ದೆ, ಅದೂ ವೈದ್ಯರ ಪತ್ರ ಲಗತ್ತಿಸಿ. ನಿಯಮದಲ್ಲಿ ಇಲ್ಲದಿದ್ದರೂ ಕಾಯಿಲೆ ಎಂದಾಗ ಕೆಲವು ಹೋಟೆಲ್‌ಗಳು, ವಿಮಾನ ಕಂಪನಿಗಳು ಸ್ವಲ್ಪ ಮೆತ್ತಗಾಗುತ್ತವೆ.

ಕೊನೆಗೆ ಕಾರ್ಡ್‌ನ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡ್‌ನಲ್ಲಿ ಕಟ್ಟಿದ ಹಣವನ್ನು ಬ್ಯಾಂಕ್ ಮೂಲಕವೇ ವಾಪಸ್ ಕೇಳುವುದು. ಕೊಡುತ್ತೇವೆ ಎಂದು ಒಪ್ಪಿದ ರಿಫಂಡ್ ಬರದಿದ್ದರೆ, ಅಥವಾ ಅವರೇ ಪ್ರವಾಸ ನಡೆಸದಿದ್ದರೆ ಬ್ಯಾಂಕಿಗೆ ದೂರು ಕೊಡಬಹುದು. ಅದಕ್ಕೂ ಗಡುವು ಇದೆ, ತಡ ಮಾಡಬೇಡಿ. ನೀವಾಗಿಯೇ ರದ್ದು ಮಾಡಿ, ಷರತ್ತಿನ ಪ್ರಕಾರವೇ ಕಡಿತ ಆಗಿದ್ದರೆ ಮಾತ್ರ ಇದು ನಡೆಯುವುದಿಲ್ಲ.