ಟರ್ಮಿನಲ್ ತೆರೆದ ಮೇಲೆ ನಾವು ಎಲ್ಲಿರುತ್ತೇವೆ?

ಮನೆಗೆ ಸಂಗ್ರಹ ಸರ್ವರ್ ತಂದವರು ಮೊದಮೊದಲು ಅದನ್ನೊಂದು ದೊಡ್ಡ ಹಾರ್ಡ್ ಡಿಸ್ಕ್ ಎಂದೇ ಬಳಸುತ್ತಾರೆ. ಮದುವೆಯ ವಿಡಿಯೊ, ಮಕ್ಕಳ ಫೋಟೊ, ಆಸ್ತಿಪತ್ರದ ಸ್ಕ್ಯಾನ್ ಪ್ರತಿ ಎಲ್ಲವೂ ಅಲ್ಲಿಗೆ ಹೋಗುತ್ತವೆ. ಆಮೇಲೆ ಆಸೆ ಬೆಳೆಯುತ್ತದೆ. ಫೋಟೊಗಳನ್ನು ಮೊಬೈಲಿನಲ್ಲೇ ನೋಡಲು ನೆಕ್ಸ್ಟ್‌ಕ್ಲೌಡ್, ಸಿನಿಮಾಕ್ಕೆ ಜೆಲ್ಲಿಫಿನ್, ಹೀಗೆ ಒಂದೊಂದೇ ತಂತ್ರಾಂಶ ಕಂಟೇನರಿನ (ತನಗೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡು ಬೇರೆಯಾಗಿ ನಡೆಯುವ ಪೊಟ್ಟಣದ) ರೂಪದಲ್ಲಿ ಬಂದು ಕೂರುತ್ತದೆ. ಅವುಗಳಲ್ಲಿ ಒಂದು ಮುನಿಸಿಕೊಂಡ ದಿನ, ನಿರ್ವಹಣಾ ಪುಟದ ಮೂಲೆಯಲ್ಲಿದ್ದ ‘ಟರ್ಮಿನಲ್’ ಎಂಬ ಗುಂಡಿ ಕಣ್ಣಿಗೆ ಬೀಳುತ್ತದೆ. ಒತ್ತಿದರೆ ಬ್ರೌಸರಿನೊಳಗೇ ಕಪ್ಪು ಚೌಕವೊಂದು ತೆರೆದು ಆದೇಶಕ್ಕಾಗಿ ಕಾಯುತ್ತದೆ.

ಸರ್ವರಿನ ಒಳಹೊಕ್ಕೆವು ಎಂದುಕೊಳ್ಳುವುದು ಸಹಜ. ಹೊಕ್ಕಿರುವುದು ಸರ್ವರನ್ನಲ್ಲ, ಅದರೊಳಗೆ ಬೇಲಿ ಹಾಕಿದ ಒಂದು ತುಂಡನ್ನು. ಇಲ್ಲಿ ಕಾಣುವ ಕೆಲವು ಕಡತಗಳು ಮುಂದಿನ ಅಪ್‌ಡೇಟ್‌ವರೆಗೂ ಬಾಳುವುದಿಲ್ಲ; ಇನ್ನು ಕೆಲವನ್ನು ಅಳಿಸಿದರೆ ಮದುವೆಯ ವಿಡಿಯೊವೇ ಹೋಗುತ್ತದೆ. ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕಾಣಿಸಿಕೊಳ್ಳುತ್ತವೆ. ಯಾವುದು ಯಾವ ಬಗೆಯದೆಂದು ತಿಳಿಯುವುದೇ ಇಲ್ಲಿನ ಅರ್ಧ ವಿದ್ಯೆ.

ಕೀಲಿಮಣೆಯಲ್ಲಿ ‘ಎಲ್’ ಒತ್ತಿದ ಕ್ಷಣದಿಂದ ಶುರುಮಾಡೋಣ. ಆ ಅಕ್ಷರವನ್ನು ಬ್ರೌಸರ್ ತಾನಾಗಿ ಪರದೆಯ ಮೇಲೆ ಬರೆಯುವುದಿಲ್ಲ. ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ತಂತ್ರಾಂಶವೊಂದು (ಕಂಟೇನರ್‌ಗಳನ್ನು ವೆಬ್ ಪುಟದಿಂದ ನಿರ್ವಹಿಸುವ ಪೋರ್ಟೇನರ್‌ನಲ್ಲಾದರೆ ಎಕ್ಸ್‌ಟರ್ಮ್ ಡಾಟ್ ಜೆಎಸ್) ಅದನ್ನು ಹಿಡಿದು ವೆಬ್‌ಸಾಕೆಟ್ ಸಂಪರ್ಕದ ಮೂಲಕ ಸರ್ವರಿಗೆ ಕಳಿಸುತ್ತದೆ. ಸಾಮಾನ್ಯ ವೆಬ್ ಪುಟ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಟರ್ಮಿನಲ್‌ಗೆ ಅಷ್ಟು ಸಾಲದು. ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತನಾಡುವಂತೆ ದಾರಿ ತೆರೆದೇ ಇರಬೇಕು. 2011ರಲ್ಲಿ ವೆಬ್‌ಸಾಕೆಟ್‌ಗೆ ಪ್ರಮಾಣಿತ ರೂಪ ಸಿಕ್ಕ ಮೇಲೆ ಈ ಕೆಲಸ ಸಲೀಸಾಯಿತು. ಸರ್ವರಿನಲ್ಲಿ ಕಂಟೇನರ್‌ಗಳನ್ನು ನಡೆಸುವ ಡಾಕರ್ ಎಂಬ ತಂತ್ರಾಂಶ ಆ ಅಕ್ಷರವನ್ನು ಕಂಟೇನರಿನೊಳಗಿನ ಶೆಲ್‌ಗೆ, ಅಂದರೆ ಆದೇಶಗಳನ್ನು ಓದಿ ನಡೆಸುವ ತಂತ್ರಾಂಶಕ್ಕೆ, ದಾಟಿಸುತ್ತದೆ. ಅಲ್ಲಿಂದ ಅಕ್ಷರ ಬಂದ ದಾರಿಯಲ್ಲೇ ಮರಳಿದಾಗ ಮಾತ್ರ ಪರದೆಯಲ್ಲಿ ‘ಎಲ್’ ಮೂಡುತ್ತದೆ. ವೈಫೈ ಸೊರಗಿದಾಗ ಟೈಪಿಸಿದ್ದು ತಡವಾಗಿ ಕಾಣುವುದು ಇದರಿಂದಲೇ.

ಹೀಗೆ ಅಕ್ಷರ ಹೋಗಿಬರುವ ಪದ್ಧತಿ ಬ್ರೌಸರಿಗಿಂತ ಬಹಳ ಹಿರಿಯದು. 1963ರ ಎಎಸ್‌ಆರ್-33 ಟೆಲಿಟೈಪ್ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರಗಳಂತೆ ಕಾಗದದ ಮೇಲೆ ಬಡಿಯುತ್ತಿತ್ತು. 1978ರಲ್ಲಿ ಬಂದ ವಿಟಿ100ಕ್ಕೆ ಪರದೆ ಇತ್ತು: ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು. ಪರದೆ ಒರೆಸು, ಕರ್ಸರನ್ನು ಮೇಲಕ್ಕೊಯ್ಯಿ ಎಂದು ಹೇಳಲು ಅದು ಬಳಸಿದ ಸಂಕೇತಗಳನ್ನೇ ಇಂದಿನ ಬ್ರೌಸರ್ ಟರ್ಮಿನಲ್ ಕೂಡ ಪಾಲಿಸುತ್ತದೆ. ಅಂದರೆ ನಾವು ಕಾಣುತ್ತಿರುವುದು ವೆಬ್ ಪುಟವೊಂದು ಹಾಕಿಕೊಂಡ ವಿಟಿ100 ವೇಷ. ವೇಷ ಎಲ್ಲ ಹೊತ್ತಿನಲ್ಲೂ ನಿಲ್ಲುವುದಿಲ್ಲ. ಶೆಲ್‌ನಲ್ಲಿ ಕಂಟ್ರೋಲ್-ಡಬ್ಲ್ಯೂ ಒತ್ತಿದರೆ ಹಿಂದಿನ ಒಂದು ಪದ ಅಳಿಯಬೇಕು. ಬ್ರೌಸರಿನಲ್ಲಿ ಅದೇ ಕೀಲಿ ಟ್ಯಾಬನ್ನೇ ಮುಚ್ಚುತ್ತದೆ. ಶೆಲ್ ಬಳಸಿ ಪಳಗಿದ ಬೆರಳುಗಳಿಗೆ ಇದಕ್ಕಿಂತ ಕೆಟ್ಟ ಬಲೆ ಬೇರಿಲ್ಲ. ಗಂಟೆಗಟ್ಟಲೆ ನಡೆಯುವ ಕೆಲಸಕ್ಕೆ ಬ್ರೌಸರಿಲ್ಲದೆ ನೇರವಾಗಿ ಸರ್ವರಿನ ಶೆಲ್‌ಗೆ ಸೇರಿಸುವ ಎಸ್‌ಎಸ್‌ಎಚ್ ವಾಸಿ ಎಂದು ನಾನು ಹೇಳಲು ಈ ಒಂದು ಕಾರಣವೇ ಸಾಕು.

ಇನ್ನು ಆ ಬೇಲಿಯ ಕಥೆ. ಕಂಟೇನರ್ ಎಂದರೆ ಪ್ರತ್ಯೇಕ ಗಣಕವಲ್ಲ, ವರ್ಚುವಲ್ ಮಷೀನ್ ಕೂಡ ಅಲ್ಲ. ಅಣ್ಣತಮ್ಮಂದಿರು ಪಾಲಾಗಿ ನಡುವೆ ಗೋಡೆ ಎಬ್ಬಿಸಿಕೊಂಡ ಹಳೆಯ ಮನೆಯಂತಿರುತ್ತದೆ ಅದು: ಒಲೆ ಬೇರೆ, ಬಾಗಿಲು ಬೇರೆ, ಹಿತ್ತಲಿನ ಬಾವಿ ಮಾತ್ರ ಒಂದೇ. ಆ ಬಾವಿಯೇ ಲಿನಕ್ಸ್ ಕರ್ನಲ್, ಯಂತ್ರಾಂಶವನ್ನು ಆಳುವ ಕಾರ್ಯಾಚರಣಾ ವ್ಯವಸ್ಥೆಯ ತಿರುಳು. ಗೋಡೆಗಳಿಗೆ ನೇಮ್‌ಸ್ಪೇಸ್ ಎಂದು ಹೆಸರು. ಒಂದು ನೇಮ್‌ಸ್ಪೇಸ್ ಯಾವ ಕಡತಗಳು ಕಾಣಬೇಕು ಎಂದು ತೀರ್ಮಾನಿಸಿದರೆ, ಇನ್ನೊಂದು ಯಾವ ಪ್ರಕ್ರಿಯೆಗಳು (ಓಡುತ್ತಿರುವ ತಂತ್ರಾಂಶಗಳು) ಕಾಣಬೇಕು ಎಂದು ತೀರ್ಮಾನಿಸುತ್ತದೆ, ಜಾಲಸಂಪರ್ಕಕ್ಕೆ ಮತ್ತೊಂದಿದೆ. 1979ರ ಯುನಿಕ್ಸ್‌ನಲ್ಲಿದ್ದ ‘ಸಿಎಚ್‌ರೂಟ್’ ಇವುಗಳ ಮುತ್ತಜ್ಜ. ಲಿನಕ್ಸ್‌ಗೆ ಮೊದಲ ನೇಮ್‌ಸ್ಪೇಸ್ ಬಂದದ್ದು 2002ರಲ್ಲಿ. ಮೆಮೊರಿ, ಸಿಪಿಯು ಬಳಕೆಗೆ ಮಿತಿ ಹಾಕುವ ಸಿಗ್ರೂಪ್ 2008ರ ಆರಂಭದಲ್ಲಿ ಸೇರಿತು. ಅದರ ಕೆಲಸ ಶುರುಮಾಡಿದವರು ಗೂಗಲ್‌ನ ಎಂಜಿನಿಯರುಗಳು. 2013ರ ಮಾರ್ಚಿನಲ್ಲಿ ಸಾಲಮನ್ ಹೈಕ್ಸ್ ಪೈಕಾನ್ ಸಮ್ಮೇಳನದಲ್ಲಿ ಡಾಕರನ್ನು ತೋರಿಸುವ ಹೊತ್ತಿಗೆ ಇಟ್ಟಿಗೆಗಳೆಲ್ಲ ಸಿದ್ಧವಾಗಿದ್ದವು. ಅವನ್ನು ಸಾಮಾನ್ಯರ ಕೈಗೆಟಕುವಂತೆ ಜೋಡಿಸಿಕೊಟ್ಟದ್ದು ಡಾಕರಿನ ಹೆಗ್ಗಳಿಕೆ.

ಟರ್ಮಿನಲ್ ಗುಂಡಿ ಒತ್ತಿದಾಗ ಹೊಸದೊಂದು ಪ್ರಕ್ರಿಯೆ ಹುಟ್ಟುತ್ತದೆ. ‘ಸೆಟ್‌ಎನ್‌ಎಸ್’ ಎಂಬ ಕರ್ನಲ್ ಕರೆಯ ನೆರವಿನಿಂದ ಅದು ಕಂಟೇನರಿನ ಗೋಡೆಗಳೊಳಗೆ ಸೇರಿಕೊಂಡು ಶೆಲ್ ಆಗಿ ನಿಲ್ಲುತ್ತದೆ. ಇದಕ್ಕೆ ಡಾಕರಿನ ಭಾಷೆಯಲ್ಲಿ ‘ಎಕ್ಸೆಕ್’ ಎನ್ನುತ್ತಾರೆ. ಕಂಟೇನರಿನ ಮುಖ್ಯ ತಂತ್ರಾಂಶ 1ನೆಯ ಸಂಖ್ಯೆಯ ಪ್ರಕ್ರಿಯೆ. ನಮ್ಮ ಶೆಲ್ ಅದರ ಪಕ್ಕದಲ್ಲಿ ಬಂದು ಕೂತ ಅತಿಥಿ. ನಾವು ‘ಎಕ್ಸಿಟ್’ ಎಂದರೆ ಅತಿಥಿ ಹೊರಡುತ್ತಾನೆ, ನೆಕ್ಸ್ಟ್‌ಕ್ಲೌಡ್ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಪೋರ್ಟೇನರ್‌ನಲ್ಲಿ ಇದರ ಪಕ್ಕದಲ್ಲೇ ‘ಅಟ್ಯಾಚ್’ ಎಂಬ ಇನ್ನೊಂದು ಆಯ್ಕೆ ಇದೆ. ನೋಡಲು ಅಂಥದೇ, ಗುಣ ಬೇರೆ. ಅದು ನಮ್ಮ ಕೀಲಿಮಣೆಯನ್ನು ನೇರವಾಗಿ 1ನೆಯ ಪ್ರಕ್ರಿಯೆಗೇ ಜೋಡಿಸುತ್ತದೆ. ಅಲ್ಲಿ ಕಂಟ್ರೋಲ್-ಸಿ ಒತ್ತಿದರೆ ಕಂಟೇನರೇ ನಿಂತುಹೋಗಬಹುದು.

ಬಾವಿ ಒಂದೇ ಎಂಬುದಕ್ಕೆ ಸಾಕ್ಷಿ ಒಳಗೇ ಸಿಗುತ್ತದೆ. ಕಂಟೇನರಿಗೆ 512 ಎಂಬಿ ಮೆಮೊರಿಯ ಮಿತಿ ಹಾಕಿದ್ದರೂ ‘ಫ್ರೀ’ ಎಂಬ ಆದೇಶ ಇಡೀ ಸರ್ವರಿನ ಮೆಮೊರಿಯನ್ನು ತೋರಿಸುತ್ತದೆ; ಆ ಮಾಹಿತಿಗೆ ಗೋಡೆಯೇ ಇಲ್ಲ. ಒಳಗಿರುವುದು 2023ರ ಡೆಬಿಯನ್ 12 ಎಂಬ ಲಿನಕ್ಸ್ ಆಗಿದ್ದರೂ ‘ಯೂನೇಮ್’ ಆದೇಶಕ್ಕೆ ‘ಆರ್’ ಸೇರಿಸಿ ಕೇಳಿದರೆ ಬರುವುದು ಆತಿಥೇಯ ಯಂತ್ರದ ಕರ್ನಲ್ ಆವೃತ್ತಿ. ಮನೆಬಳಕೆಯ ಸಂಗ್ರಹ ಸರ್ವರ್‌ಗಳನ್ನು ಮಾಡುವ ಸಿನಾಲಜಿಯ ಹಲವು ಮಾದರಿಗಳಲ್ಲಿ ಅದು 4.4 ಸರಣಿಯದು. ಆ ಸರಣಿ ಮೊದಲು ಬಿಡುಗಡೆಯಾದದ್ದು 2016ರಲ್ಲಿ.

ಮೊದಲ ಸಲ ಗುಂಡಿ ಒತ್ತಿದವರಿಗೆ ಬಹುಮಟ್ಟಿಗೆ ಎದುರಾಗುವುದು ನಿರಾಶೆಯೇ. ಬ್ಯಾಷ್ ಎಂಬ ಶೆಲ್ ಸಿಗಲಿಲ್ಲ ಎಂಬ ದೂರು ಬಂದು ಟರ್ಮಿನಲ್ ಮುಚ್ಚಿಕೊಳ್ಳುತ್ತದೆ. ಕಂಟೇನರ್ ಕೆಟ್ಟಿಲ್ಲ. ಅನೇಕ ಇಮೇಜ್‌ಗಳು (ಕಂಟೇನರ್ ಕಟ್ಟಲು ಬಳಸುವ ಅಚ್ಚುಗಳು) ಆಲ್ಪೈನ್ ಲಿನಕ್ಸ್ ಮೇಲೆ ನಿಂತಿವೆ. ಹತ್ತು ಎಂಬಿಗೂ ಕಡಿಮೆ ತೂಗುವ ಆಲ್ಪೈನ್‌ನಲ್ಲಿ ಬ್ಯಾಷ್ ಇರುವುದಿಲ್ಲ. ನೂರಾರು ಆದೇಶಗಳನ್ನು ಒಂದೇ ಕಡತದಲ್ಲಿ ತುರುಕಿದ ಬಿಝಿಬಾಕ್ಸ್ ಮತ್ತು ಅದರ ಪುಟ್ಟ ಶೆಲ್ ಮಾತ್ರ ಇರುತ್ತವೆ. ಸಿನಾಲಜಿಯ ಕಂಟೇನರ್ ಮ್ಯಾನೇಜರಿನಲ್ಲಿ ಆದೇಶವನ್ನು ನಾವೇ ಕೊಟ್ಟು ತೆರೆಯುವ ಆಯ್ಕೆಯಿದೆ. ಅಲ್ಲಿ ‘ಎಸ್‌ಎಚ್’ ಎಂದು ಬರೆದರೆ ಬಾಗಿಲು ತೆರೆಯುತ್ತದೆ. ಶೆಲ್ ಎಂಬುದೇ ಇಲ್ಲದ ಕಂಟೇನರ್‌ಗಳೂ ಉಂಟು. ತಮಾಷೆಯೆಂದರೆ, ಬೇರೆಲ್ಲ ಕಂಟೇನರ್‌ಗಳಿಗೆ ಟರ್ಮಿನಲ್ ಒದಗಿಸುವ ಪೋರ್ಟೇನರಿನ ಸಾಮಾನ್ಯ ಇಮೇಜ್‌ನಲ್ಲೇ ಶೆಲ್ ಇಲ್ಲ.

ಶೆಲ್ ಸಿಕ್ಕಿತೆನ್ನಿ. ಬರೆಯಲು ನ್ಯಾನೊ ಇಲ್ಲ, ಎಷ್ಟೋ ಕಡೆ ಪ್ರಕ್ರಿಯೆಗಳ ಪಟ್ಟಿ ತೋರಿಸುವ ‘ಪಿಎಸ್’ ಕೂಡ ಇಲ್ಲ. ಆಗ ಕೈ ತುರಿಸುತ್ತದೆ. ಬೇಕಾದ್ದನ್ನು ಇನ್‌ಸ್ಟಾಲ್ ಮಾಡಿಕೊಂಡರಾಯಿತು ಅನ್ನಿಸುತ್ತದೆ. ಮಾಡಬಹುದು, ಕೆಲಸವೂ ಆಗುತ್ತದೆ. ಆದರೆ ಕಂಟೇನರ್ ನಿಂತಿರುವುದು ಇಮೇಜ್ ಎಂಬ ಬದಲಾಗದ ಪದರಗಳ ಮೇಲೆ. ನಾವು ಮಾಡಿದ ಬದಲಾವಣೆ ಕೂರುವುದು ಎಲ್ಲಕ್ಕಿಂತ ಮೇಲಿನ ತೆಳು ಪದರದಲ್ಲಿ. ಕಂಟೇನರನ್ನು ನಿಲ್ಲಿಸಿ ಮತ್ತೆ ಶುರುಮಾಡಿದರೆ ಆ ಪದರ ಉಳಿದಿರುತ್ತದೆ, ಮೋಸ ಹೋಗುವುದು ಇಲ್ಲಿಯೇ. ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡುವುದೆಂದರೆ ಹಳೆಯ ಕಂಟೇನರನ್ನು ಎಸೆದು ಹೊಸದನ್ನು ಕಟ್ಟುವುದು. ಆಗ ಮೇಲಿನ ಪದರವೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಟರ್ಮಿನಲ್ ಇರುವುದು ರೋಗ ಪತ್ತೆಹಚ್ಚಲು, ಔಷಧ ಕೊಡಲಲ್ಲ ಎಂಬುದು ನನ್ನ ಪಕ್ಷ. ತಿದ್ದುವುದಿದ್ದರೆ ಕಂಟೇನರನ್ನು ಹೇಗೆ ಕಟ್ಟಬೇಕೆಂದು ಬರೆದಿಡುವ ಕಂಪೋಸ್ ಕಡತದಲ್ಲಿ ತಿದ್ದಬೇಕು; ಕಂಟೇನರ್ ಎಷ್ಟು ಸಲ ಮರುಹುಟ್ಟು ಪಡೆದರೂ ಅಲ್ಲಿನ ತಿದ್ದುಪಡಿ ಜೊತೆಗೆ ಬರುತ್ತದೆ.

ಸರ್ವರಿನ ಡಿಸ್ಕಿನಿಂದ ಒಳಗೆ ಜೋಡಿಸಿದ ಫೋಲ್ಡರ್‌ಗಳ ಕಥೆ ಇದಕ್ಕೆ ತದ್ವಿರುದ್ಧ. ಅವು ಪ್ರತಿಯಲ್ಲ, ಅಸಲು. ‘ಆರ್‌ಎಂ’ ಎಂದು ಅಳಿಸಿದ ಫೋಟೊ ಅಸಲಿನಲ್ಲೇ ಅಳಿಯುತ್ತದೆ. ಸಿನಾಲಜಿಯ ರಿಸೈಕಲ್ ಬಿನ್‌ಗೂ ಅದು ಹೋಗುವುದಿಲ್ಲ, ಏಕೆಂದರೆ ಶೆಲ್‌ನ ಆದೇಶ ಆ ಏರ್ಪಾಡನ್ನು ದಾಟಿ ನೇರವಾಗಿ ಕಡತವ್ಯವಸ್ಥೆಯನ್ನು ಮುಟ್ಟುತ್ತದೆ. ಸ್ನ್ಯಾಪ್‌ಶಾಟ್ (ಆಯಾ ಗಳಿಗೆಯಲ್ಲಿ ಕಡತಗಳಿದ್ದ ಸ್ಥಿತಿಯ ದಾಖಲೆ) ತೆಗೆದಿಟ್ಟವರು ಬಚಾವು. ಯಾವ ಫೋಲ್ಡರ್ ಯಾವ ಬಗೆಯದೆಂಬ ಅನುಮಾನವಿದ್ದರೆ ‘ಮೌಂಟ್’ ಎಂದು ಟೈಪಿಸಿ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಈ ಎರಡು ಲೋಕಗಳು ಎಲ್ಲಕ್ಕಿಂತ ಚೆನ್ನಾಗಿ ಸಿಕ್ಕುಹಾಕಿಕೊಳ್ಳುವುದು ನೆಕ್ಸ್ಟ್‌ಕ್ಲೌಡ್‌ನಲ್ಲಿ. ಅದರ ಫೋಲ್ಡರಿಗೆ ಹಳೆಯ ಫೋಟೊಗಳನ್ನು ಸರ್ವರಿನ ಕಡೆಯಿಂದಲೇ ನಕಲು ಮಾಡಿದರೆ ಅವು ಮೊಬೈಲಿನಲ್ಲಿ ಕಾಣುವುದಿಲ್ಲ. ನೆಕ್ಸ್ಟ್‌ಕ್ಲೌಡ್ ನಂಬುವುದು ತನ್ನ ಡೇಟಾಬೇಸನ್ನೇ ಹೊರತು ಡಿಸ್ಕನ್ನಲ್ಲ. ಪಟ್ಟಿಯನ್ನು ಹೊಸದಾಗಿ ಮಾಡು ಎಂದು ಹೇಳಲು ‘ಓಸಿಸಿ’ ಎಂಬ ಸಾಧನವಿದೆ. ಟರ್ಮಿನಲ್ ತೆರೆದು ಅದನ್ನು ನಡೆಸಹೊರಟರೆ ಅದು ಒಪ್ಪುವುದಿಲ್ಲ: ಈಗಿನ ಬಳಕೆದಾರರ ಸಂಖ್ಯೆ 0, ಸಂರಚನಾ ಕಡತದ ಒಡೆಯನ ಸಂಖ್ಯೆ 33 ಎಂದು ತಗಾದೆ ತೆಗೆಯುತ್ತದೆ. ನಾವು ಒಳಬಂದಿರುವುದು ರೂಟ್ ಆಗಿ, ಅಂದರೆ 0 ಸಂಖ್ಯೆಯ ಸರ್ವಾಧಿಕಾರಿ ಬಳಕೆದಾರನಾಗಿ. ಕಡತ ಇರುವುದು ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಎಂಬ ಬಳಕೆದಾರನ ಹೆಸರಿನಲ್ಲಿ. ‘ಎಸ್‌ಯು’ ಆದೇಶದಿಂದ ಆ ಬಳಕೆದಾರನ ಪರವಾಗಿ ನಡೆಸಿದರೆ ಸರಿಹೋಗುತ್ತದೆ.

ಡಿಸ್ಕಿನ ಮೇಲೆ ಬರೆದಿರುವುದು ಸಂಖ್ಯೆ ಮಾತ್ರ. ಹೆಸರು ಆಯಾ ಗೋಡೆಯೊಳಗಿನ ಪಟ್ಟಿಯಿಂದ ಬರುತ್ತದೆ. ಡೆಬಿಯನ್‌ನಲ್ಲಿ ಈ ಬಳಕೆದಾರ 33, ಆಲ್ಪೈನ್‌ನಲ್ಲಿ 82. ನೆಕ್ಸ್ಟ್‌ಕ್ಲೌಡ್‌ನ ಒಂದು ಬಗೆಯ ಇಮೇಜ್ ಬಿಟ್ಟು ಇನ್ನೊಂದಕ್ಕೆ ಹೋದವರಿಗೆ ನಿನ್ನೆಯವರೆಗೆ ಸರಿಯಿದ್ದ ಕಡತಗಳ ಒಡೆತನ ಇಂದು ತಪ್ಪುವುದು ಇದರಿಂದ. ಸಿನಾಲಜಿಯಲ್ಲಿ ಮನೆಯವರ ಮೊದಲ ಖಾತೆಗೆ ಸಾಮಾನ್ಯವಾಗಿ 1026 ಸಿಗುತ್ತದೆ. ಕಂಟೇನರ್ ರೂಟ್ ಆಗಿ ಸೃಷ್ಟಿಸಿದ ಕಡತವನ್ನು 1026ರವರು ತಿದ್ದಹೋದರೆ ಅನುಮತಿ ಇಲ್ಲ ಎಂಬ ಉತ್ತರ ಬರುತ್ತದೆ.

ಒಳಗಿನ ರೂಟ್ ಸುಮ್ಮನೆ ಹೆಸರಿಗೆ ರೂಟ್ ಅಲ್ಲ. ಡಾಕರ್ ಪೂರ್ವನಿಯೋಜಿತವಾಗಿ ಬಳಕೆದಾರರ ಸಂಖ್ಯೆಗೆ ಗೋಡೆ ಕಟ್ಟುವುದಿಲ್ಲ. ಕೆಲವು ಅಧಿಕಾರಗಳನ್ನು ಕತ್ತರಿಸಿರುತ್ತದೆ, ಸಂಖ್ಯೆ ಮಾತ್ರ ಹೊರಗಿನ 0 ಆಗಿಯೇ ಉಳಿಯುತ್ತದೆ. 2019ರ ಫೆಬ್ರವರಿಯಲ್ಲಿ ಬಯಲಾದ ಒಂದು ದೋಷ ಇದನ್ನು ಚೆನ್ನಾಗಿ ತೋರಿಸಿತು. ಕಂಟೇನರ್‌ಗಳನ್ನು ನಡೆಸುವ ‘ರನ್‌ಸಿ’ ಎಂಬ ತಂತ್ರಾಂಶದಲ್ಲಿದ್ದ ಆ ದೋಷದ ಒಂದು ದಾರಿ ಹೀಗಿತ್ತು: ವಂಚಕನ ಕೈಸೇರಿದ ಕಂಟೇನರಿನೊಳಗೆ ನಿರ್ವಾಹಕರು ಎಕ್ಸೆಕ್ ಮೂಲಕ ಟರ್ಮಿನಲ್ ತೆರೆದರೆ, ಆ ಗಳಿಗೆಯಲ್ಲಿ ಒಳಗಿನ ದುಷ್ಟ ತಂತ್ರಾಂಶ ಹೊರಗಿನ ರನ್‌ಸಿಯನ್ನೇ ತಿದ್ದಿ ಬರೆಯಬಹುದಿತ್ತು. ತಪಾಸಣೆಗೆ ಒಳಹೋದವರೇ ಕಳ್ಳನಿಗೆ ಬಾಗಿಲು ತೆರೆದಂತೆ. ದೋಷವನ್ನು ಆಗಲೇ ಸರಿಪಡಿಸಲಾಯಿತು. 2024ರ ಜನವರಿಯಲ್ಲಿ ಅದೇ ರನ್‌ಸಿಯಲ್ಲಿ ಬೇರೊಂದು ಬಿರುಕು ಸಿಕ್ಕಿತು. ಅಪ್‌ಡೇಟ್‌ಗಳನ್ನು ಮುಂದೂಡುತ್ತ ಕೂರಬಾರದು.

ನಿರ್ವಹಣಾ ಪುಟವನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವುದಂತೂ ಹುಚ್ಚುತನ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಹೊರಗಿನಿಂದ ಕಾಣುತ್ತಿದ್ದ ಕ್ಯೂನ್ಯಾಪ್ ಕಂಪನಿಯ ಸಂಗ್ರಹ ಸರ್ವರ್‌ಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ಊರಿಂದಾಚೆ ಇದ್ದಾಗಲೂ ಟರ್ಮಿನಲ್ ಬೇಕೆನ್ನುವವರು ವಿಪಿಎನ್ ಎಂಬ ಸುರಕ್ಷಿತ ಖಾಸಗಿ ದಾರಿಯ ಮೂಲಕ ಬರಲಿ.

ಕನ್ನಡಿಗರಿಗೆ ಇನ್ನೊಂದು ವಿಶೇಷ ಕಾಟವಿದೆ. ‘ಅಜ್ಜಿಯ ಮನೆ’ ಎಂಬ ಫೋಲ್ಡರ್ ವೆಬ್ ಪುಟದಲ್ಲಿ ಸರಿಯಾಗಿಯೇ ಕಾಣುತ್ತದೆ. ಅದನ್ನೇ ಟರ್ಮಿನಲ್‌ನಲ್ಲಿ ನೋಡಿದರೆ 340, 262 ಎಂಬಂತಹ ಅಂಕಿಗಳ ಸಾಲು, ಇಲ್ಲವೇ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹೆಸರು ಕೆಟ್ಟಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕ’ ಎಂದರೆ ಅಷ್ಟಮಾನದಲ್ಲಿ 340, 262, 225. ಕಂಟೇನರಿನಲ್ಲಿ ಭಾಷೆಯ ಸಂಯೋಜನೆ ಇಲ್ಲದಿದ್ದರೆ ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಆದೇಶ ಈ ಬೈಟ್‌ಗಳನ್ನು ಅಕ್ಷರವೆಂದು ಒಪ್ಪದೆ ಬಿಡಿಬಿಡಿಯಾಗಿ ಒದರುತ್ತದೆ. ಡೆಬಿಯನ್ ಮೂಲದ ಕಂಟೇನರಾದರೆ ಕಂಪೋಸ್ ಕಡತದಲ್ಲಿ ‘ಲ್ಯಾಂಗ್’ ಎಂಬ ಪರಿಸರ ಚರಾಂಕಕ್ಕೆ ‘ಸಿ ಡಾಟ್ ಯುಟಿಎಫ್-8’ ಎಂಬ ಬೆಲೆ ಕೊಟ್ಟರೆ ಅಕ್ಷರಗಳು ಮರಳುತ್ತವೆ. ಆಗಲೂ ಒತ್ತಕ್ಷರಗಳು ಅಡ್ಡಾದಿಡ್ಡಿ ಬೀಳುತ್ತವೆ, ಕರ್ಸರ್ ಎಲ್ಲೋ ನಿಲ್ಲುತ್ತದೆ. ಸಮನಾದ ಚೌಕಗಳಲ್ಲಿ ಒಂದೊಂದೇ ಅಕ್ಷರ ಕೂರಿಸುವ ವಿಟಿ100ರ ಲೆಕ್ಕಕ್ಕೆ ಕಾಗುಣಿತ ಒಗ್ಗುವುದಿಲ್ಲ.

ಹೆಸರಿನ ಉದ್ದಕ್ಕೂ ಈ ಮೂರು ಬೈಟ್‌ಗಳ ಬಿಸಿ ತಟ್ಟುತ್ತದೆ. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿ ಹೆಸರಿಗೆ 255 ಬೈಟ್‌ಗಳ ಮಿತಿಯಿದೆ, ಅಂದರೆ ಕನ್ನಡದ 85 ಸಂಕೇತಗಳು. ‘ಕ್ಷಿ’ ಒಂದೇ ಅಕ್ಷರವಾಗಿ ಕಂಡರೂ ನಾಲ್ಕು ಸಂಕೇತ, ಹನ್ನೆರಡು ಬೈಟ್. ಸಿನಾಲಜಿಯ ಗೂಢಲಿಪೀಕರಿಸಿದ ಫೋಲ್ಡರುಗಳಲ್ಲಿ ಮಿತಿ 143 ಬೈಟ್‌ಗೆ ಇಳಿಯುವುದರಿಂದ 47 ಸಂಕೇತಗಳಿಗೇ ಮುಗಿಯುತ್ತದೆ. ಸಮಾರಂಭದ ಹೆಸರು, ಊರು, ತಾರೀಖು ಎಲ್ಲವನ್ನೂ ಫೋಟೊದ ಹೆಸರಿನಲ್ಲೇ ಪೋಣಿಸುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಬೇಕು. ಟೈಪಿಸಲಾಗದ ಹೆಸರಿನ ಕಡತವನ್ನು ಟರ್ಮಿನಲ್‌ನಲ್ಲಿ ಮುಟ್ಟಲೇಬೇಕಾಗಿ ಬಂದರೆ, ‘ಎಲ್‌ಎಸ್’ ಆದೇಶಕ್ಕೆ ‘ಐ’ ಸೇರಿಸಿದಾಗ ಸಿಗುವ ಐನೋಡ್ ಸಂಖ್ಯೆಯನ್ನು (ಕಡತವ್ಯವಸ್ಥೆ ಪ್ರತಿ ಕಡತಕ್ಕೂ ಕೊಡುವ ಸಂಖ್ಯೆ) ‘ಫೈಂಡ್’ ಆದೇಶಕ್ಕೆ ಕೊಡಬಹುದು. ಹೆಸರು ಹೇಗೇ ಕಂಡರೂ ಆ ಸಂಖ್ಯೆಯಿಂದ ಕಡತ ಸಿಗುತ್ತದೆ.