ಮಡಕೆ, ನೀರು, ಒಂದು ಹೆಸರು

1560ರಲ್ಲಿ ಮೆಕ್ಸಿಕೋದ ವೆಶೋಟ್ಸಿಂಕೋ ಸೀಮೆಯಲ್ಲಿ ಗಣತಿ ನಡೆಯಿತು. ಆಗ ಸ್ಪ್ಯಾನಿಷರ ಆಳ್ವಿಕೆ. ಕಂದಾಯ ಕಟ್ಟುವವರು ಎಷ್ಟು ಜನ ಅನ್ನುವ ಲೆಕ್ಕ ಬೇಕಿತ್ತು. ಆ ಕಡತದ ತುಂಬ ಸಾಲು ಸಾಲು ಪುಟ್ಟ ತಲೆಗಳು. ಪ್ರತಿ ತಲೆಯ ಪಕ್ಕ ಒಂದು ಚಿತ್ರ: ಹದ್ದು, ಮೊಲ, ಹೂವು. ಅದೇ ಆ ಮನುಷ್ಯನ ಹೆಸರು.

ಪಾದ್ರಿಗಳು ಇಟ್ಟ ಹೆಸರುಗಳು ಕೆಲವೇ. ಊರ ತುಂಬ ಪೆದ್ರೋ, ಹುವಾನ್. ಯಾವ ಪೆದ್ರೋ ಅಂತ ಗೊತ್ತಾಗಬೇಕಲ್ವಾ? ಅದನ್ನು ಹೇಳುತ್ತಿದ್ದದ್ದು ಅಲ್ಲಿನ ಜನರ ನಾವಾಟ್ಲ್ ಭಾಷೆಯ ಹಳೇ ಹೆಸರು. ಅದನ್ನು ಬರೆಯುವವನು ತ್ಲಾಕುಯ್ಲೋ, ಅಂದರೆ ಚಿತ್ರಕಾರನೂ ಹೌದು, ಲಿಪಿಕಾರನೂ ಹೌದು.

ಇದು ಸುಮ್ನೆ ಚಿತ್ರ ಬಿಡಿಸುವ ಕೆಲಸ ಅಲ್ಲ. ಇಟ್ಸ್‌ಕೋವಾಟ್ಲ್ ಅನ್ನುವ ಹೆಸರನ್ನೇ ನೋಡಿ. 1427ರಿಂದ 1440ರವರೆಗೆ ಅಜ್ಟೆಕರ ರಾಜಧಾನಿ ತೆನೋಚ್ಟಿಟ್ಲಾನ್ ಆಳಿದ ದೊರೆಯ ಹೆಸರದು. ಅರ್ಥ 'ಕರಿಗಾಜಿನ ಹಾವು'. ಮೆಂಡೋಸಾ ಕೋಡೆಕ್ಸ್ ಅನ್ನುವ ಹಳೇ ಚಿತ್ರಗ್ರಂಥದಲ್ಲಿ ಅದು ಹಾಗೇ ಇದೆ: ಹಾವು, ಅದರ ಮೈಮೇಲೆ ಜ್ವಾಲಾಮುಖಿಯ ಕರಿಗಾಜಿನ ಅಲಗುಗಳು. ವೆರ್ಗಾರಾ ಕೋಡೆಕ್ಸ್ ಅನ್ನುವ ಇನ್ನೊಂದು ಗ್ರಂಥದಲ್ಲೂ ಅದೇ ಹೆಸರಿದೆ, ಆದರೆ ಹಾವೇ ಇಲ್ಲ! ಕರಿಗಾಜು ಇದೆ, ಒಂದು ಮಡಕೆ ಇದೆ, ನೀರು ಇದೆ. ಕರಿಗಾಜಿನಿಂದ 'ಇಟ್ಸ್', ಮಡಕೆಗೆ ಅವರು ಹೇಳುವ 'ಕೋಮಿಟ್ಲ್'ನಿಂದ 'ಕೋ', ನೀರಿನ 'ಆಟ್ಲ್'ನಿಂದ 'ಆ'. ಮೂರನ್ನೂ ಕೂಡಿಸಿದರೆ ಹೆಸರು ಬಂತು. ಮೈ ಮತ್ತು ಸೂರು ಬಿಡಿಸಿ 'ಮೈಸೂರು' ಅಂತ ಓದಿಸಿದ ಹಾಗೆ. ಇಲ್ಲಿ ಅರ್ಥಕ್ಕೆ ಕೆಲಸವಿಲ್ಲ, ಸದ್ದಿಗಷ್ಟೇ ಕೆಲಸ. ಇದನ್ನು ಬರವಣಿಗೆ ಅನ್ನದೆ ಬೇರೇನು ಅನ್ನುವುದು?

ಪರದೇಶದ ಹೆಸರು ಬಂದಾಗ ಈ ಜಾಣ್ಮೆ ಜಾಸ್ತಿ ಕಾಣುತ್ತದೆ. ವೈಸ್‌ರಾಯ್ ಮೆಂಡೋಸಾನ ಹೆಸರಿಗೆ ನಾವಾಟ್ಲ್‌ನಲ್ಲಿ ಅರ್ಥವೇ ಇಲ್ಲ, 'ಡ' ಅನ್ನುವ ಸದ್ದೂ ಆ ಭಾಷೆಯಲ್ಲಿಲ್ಲ. ತ್ಲಾಕುಯ್ಲೋ ಒಂದು ಕತ್ತಾಳೆ ಬರೆದ. ನಮ್ಮ ಹೊಲದ ಬೇಲಿಗೂ ಆ ಗಿಡದ ಬಳಗ ಅಮೆರಿಕದಿಂದಲೇ ಬಂದದ್ದು. ಅವರ ಮಾತಲ್ಲಿ ಅದು 'ಮೆಟ್ಲ್'. ಜೊತೆಗೆ ಬಿಲ ತೋಡುವ ಒಂದು ಪ್ರಾಣಿ, 'ತೋಸಾನ್'. ಮೆ-ತೋಸ. ಕೇಳಿದವರಿಗೆ ಮೆಂಡೋಸಾ ಅಂತ ಗೊತ್ತಾಗಲು ಇಷ್ಟು ಸಾಕು.

ಪೆದ್ರೋ ದೆ ಆಲ್ವಾರಾದೋಗೆ ಮಾತ್ರ ಸದ್ದು ಹುಡುಕುವ ಕಷ್ಟ ಬೇಕಾಗಲಿಲ್ಲ. ಹೊಂಬಣ್ಣದ ಕೂದಲಿನ ಈ ಸ್ಪ್ಯಾನಿಷ್ ದಂಡನಾಯಕನನ್ನು ಜನ 'ತೊನಾಟಿಯು', ಅಂದರೆ ಸೂರ್ಯ ಅಂತಲೇ ಕರೆಯುತ್ತಿದ್ದರು. ತೆನೋಚ್ಟಿಟ್ಲಾನ್‌ನ ಹಬ್ಬದಲ್ಲಿ ಕುಣಿಯುತ್ತಿದ್ದವರನ್ನು ಕೊಲ್ಲಿಸಿದವನು ಇವನೇ. 1541ರಲ್ಲಿ ಅವನು ಸತ್ತ. ಅದನ್ನು ದಾಖಲಿಸಿದ ಕೋಡೆಕ್ಸ್ ಪುಟದಲ್ಲಿ ಅವನ ಹೆಣದ ಜೊತೆ ಒಂದು ಸೂರ್ಯನ ಚಿತ್ರವಿದೆ.